ಹಿಮದಂಚಿನ ಒಂದು ಧರ್ಮಕ್ಷೇತ್ರ ತೆತ್ತ ಬೆಲೆ



ಒಂದು ಊರಿನಲ್ಲಿ ಸಂಸಾರ ಹೂಡಿ ಬದುಕಲು ಎಷ್ಟು ಖರ್ಚು ತಗಲುತ್ತದೆ ಎಂಬ ಲೆಕ್ಕ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಮನೆ ಬಾಡಿಗೆ, ಅಕ್ಕಿ ಬೇಳೆ, ಮಕ್ಕಳ ಶಾಲೆಯ ಶುಲ್ಕ, ವೃದ್ಧರ ಔಷಧಿ, ಇವೆಲ್ಲವನ್ನೂ ತಿಂಗಳ ಮೊದಲ ವಾರದಲ್ಲೇ ಕೂಡಿಸಿ ಕಳೆದು ನೋಡುವವರು ನೀವು. ಆದರೆ ಈ ಪಟ್ಟಿಯಲ್ಲಿ ಬಲಿಪೂಜೆಗೆ ಬೇಕಾದ ಹಿಡಿ ಗೋಧಿಹಿಟ್ಟನ್ನಾಗಲಿ, ಬೊಗಸೆ ದ್ರಾಕ್ಷಾರಸವನ್ನಾಗಲಿ, ಸತ್ತವರನ್ನು ಮಣ್ಣು ಮಾಡಲು ಬರುವ ಗುರುಗಳ ಪ್ರಯಾಣವನ್ನಾಗಲಿ ನೀವು ಎಂದೂ ಸೇರಿಸಿರಲಾರಿರಿ. ಅವು ಇದ್ದೇ ಇರುತ್ತವೆ ಎಂಬ ಭರವಸೆ ನಮಗೆ. ಆ ಭರವಸೆಯೇ ಇಲ್ಲದ ಒಂದು ನಾಡಿನಲ್ಲಿ ಸುಮಾರು ನಾನ್ನೂರೈವತ್ತು ವರ್ಷ ಬಾಳಿದ ಕ್ರೈಸ್ತ ಜನರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದಿಡಬಯಸುತ್ತೇನೆ. ಆ ನಾಡು ಗ್ರೀನ್‌ಲ್ಯಾಂಡ್. ಅಲ್ಲಿನ ಧರ್ಮಕ್ಷೇತ್ರದ ಹೆಸರು ಗಾರ್ಡರ್.

ಹೆಸರು ಹಸಿರು, ನೆಲ ಹಿಮ

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಕೊಲೆಯ ಅಪರಾಧಕ್ಕಾಗಿ ಐಸ್‌ಲ್ಯಾಂಡಿನಿಂದ ಗಡೀಪಾರಾದ ಎರಿಕ್ ಎಂಬಾತ ಪಶ್ಚಿಮದ ಕಡಲಿಗೆ ಹಡಗು ತಿರುಗಿಸಿದನು. ಕೆಂಪು ಕೂದಲಿನವನಾದ್ದರಿಂದ ಚರಿತ್ರೆಯಲ್ಲಿ ಅವನು ‘ಕೆಂಪು ಎರಿಕ್’ ಎಂದೇ ಪ್ರಸಿದ್ಧನು. ತನ್ನ ಶಿಕ್ಷೆಯ ಮೂರು ವರ್ಷಗಳನ್ನು ಆ ಹೊಸ ನೆಲದ ಕರಾವಳಿಯನ್ನು ಶೋಧಿಸುವುದರಲ್ಲಿ ಕಳೆದು ಹಿಂದಿರುಗಿ, ಜನರು ಮನಸೋತು ಬರಲೆಂದು ಅದಕ್ಕೆ ‘ಹಸಿರು ನಾಡು’ ಎಂದು ಹೆಸರಿಟ್ಟನೆಂದು ಐಸ್‌ಲ್ಯಾಂಡಿನ ಪುರಾತನ ಕಥನಗಳು ಹೇಳುತ್ತವೆ. ಕ್ರಿ.ಶ. 985ರ ಸುಮಾರಿಗೆ ಇಪ್ಪತ್ತೈದು ಹಡಗುಗಳು ಹೊರಟವು. ತಲುಪಿದವು ಹದಿನಾಲ್ಕು ಮಾತ್ರ. ಉಳಿದವುಗಳಲ್ಲಿ ಕೆಲವು ಹಿಂದಿರುಗಿದವು, ಕೆಲವು ಕಡಲ ಪಾಲಾದವು. ಆ ನಾಡು ತನ್ನ ಬೆಲೆಯನ್ನು ಮೊದಲ ದಿನವೇ ಕೇಳಿ ಪಡೆಯಿತು.

ಉಳಿದವರು ಎರಡು ನೆಲೆಗಳನ್ನು ಕಟ್ಟಿದರು. ದಕ್ಷಿಣದ ತುದಿಗೆ ಹತ್ತಿರವಿದ್ದುದು ‘ಪೂರ್ವ ನೆಲೆ’. ಅಲ್ಲಿಂದ ನೂರಾರು ಕಿಲೋಮೀಟರ್ ಉತ್ತರಕ್ಕೆ, ಇಂದಿನ ರಾಜಧಾನಿ ನೂಕ್ ನಗರದ ಬಳಿಯಿದ್ದುದು ‘ಪಶ್ಚಿಮ ನೆಲೆ’. ಹಳೆಯ ದಾಖಲೆಯೊಂದು ಪೂರ್ವ ನೆಲೆಯಲ್ಲಿ 190, ಪಶ್ಚಿಮ ನೆಲೆಯಲ್ಲಿ 90 ಒಕ್ಕಲುಗಳಿದ್ದವೆಂದು ಹೇಳುತ್ತದೆ. ಒಟ್ಟು ಜನಸಂಖ್ಯೆ ಅತಿ ಹೆಚ್ಚೆಂದರೆ ಎರಡರಿಂದ ಎರಡೂವರೆ ಸಾವಿರವಿದ್ದಿರಬೇಕೆಂಬುದು ಇತ್ತೀಚಿನ ವಿದ್ವಾಂಸರ ಅಂದಾಜು. ಅಂದರೆ, ನಮ್ಮ ಒಂದು ದೊಡ್ಡ ಧರ್ಮಕೇಂದ್ರದಲ್ಲಿರುವಷ್ಟೇ ಜನ ಒಂದು ಇಡೀ ಧರ್ಮಕ್ಷೇತ್ರದಲ್ಲಿದ್ದರು.

ಎರಿಕನು ಕೊನೆಯವರೆಗೂ ಹಳೆಯ ದೇವತೆಗಳನ್ನು ಬಿಡಲು ಒಲ್ಲದವನು. ಅವನ ಮಗ ಲೀಫ್ ಮಾತ್ರ ನಾರ್ವೆಯ ಅರಸ ಓಲಾಫ್ ಟ್ರಿಗ್ವಾಸನ್‌ನ ಆಸ್ಥಾನದಲ್ಲಿ ದೀಕ್ಷಾಸ್ನಾನ ಪಡೆದು, ಸುಮಾರು ಕ್ರಿ.ಶ. 1000ದಲ್ಲಿ ಕ್ರೈಸ್ತ ವಿಶ್ವಾಸವನ್ನು ಗ್ರೀನ್‌ಲ್ಯಾಂಡಿಗೆ ತಂದನೆಂಬುದು ಕಥನಗಳ ಸಾಕ್ಷ್ಯ. ಎರಿಕನ ಮಡದಿ ತ್ಯೋದಿಲ್ಡ್ ವಿಶ್ವಾಸವನ್ನು ಸ್ವೀಕರಿಸಿ, ಮನೆಯಿಂದ ತುಸು ದೂರದಲ್ಲಿ ಒಂದು ಪುಟ್ಟ ದೇವಾಲಯವನ್ನು ಕಟ್ಟಿಸಿದಳು. 1961ರಲ್ಲಿ ಆ ಸ್ಥಳದಲ್ಲಿ ಮಣ್ಣಿನ ಗೋಡೆಯ ಒಂದು ಸಣ್ಣ ದೇವಾಲಯದ ಅಡಿಪಾಯವೂ ಅದರ ಸುತ್ತ ನೂರಕ್ಕೂ ಮಿಕ್ಕಿದ ಸಮಾಧಿಗಳೂ ಪತ್ತೆಯಾದವು. ಅಮೆರಿಕ ಖಂಡದ ಆ ಭಾಗದಲ್ಲಿ ಕಟ್ಟಲಾದ ಮೊತ್ತಮೊದಲ ದೇವಾಲಯ ಅದೇ ಇರಬೇಕೆಂದು ಅನೇಕರು ನಂಬುತ್ತಾರೆ.

ಬದುಕಿನ ದಿನನಿತ್ಯದ ಲೆಕ್ಕ

ಆ ಜನರ ವರ್ಷವೆಲ್ಲ ಹುಲ್ಲಿನ ಸುತ್ತ ತಿರುಗುತ್ತಿತ್ತು. ಜೋಳವಾಗಲಿ ಗೋಧಿಯಾಗಲಿ ಬೆಳೆಯುವಷ್ಟು ಬೇಸಿಗೆ ಅಲ್ಲಿರಲಿಲ್ಲ. ಹಸು, ಕುರಿ, ಆಡುಗಳೇ ಜೀವನಾಧಾರ. ಬೇಸಿಗೆಯ ಕೆಲವೇ ವಾರಗಳಲ್ಲಿ ಹುಲ್ಲು ಕೊಯ್ದು ಒಣಗಿಸಿ, ದೀರ್ಘವಾದ ಚಳಿಗಾಲಕ್ಕೆಂದು ಕೂಡಿಡಬೇಕಿತ್ತು. ಹಸುಗಳನ್ನು ತಿಂಗಳುಗಟ್ಟಲೆ ದಪ್ಪ ಗೋಡೆಯ ಕೊಟ್ಟಿಗೆಯ ಕತ್ತಲಲ್ಲಿ ಕೂಡಿ ಹಾಕಬೇಕಿತ್ತು. ಒಂದು ಬೇಸಿಗೆ ಕೈಕೊಟ್ಟರೆ ದನ ಸಾಯುತ್ತಿತ್ತು. ಎರಡು ಬೇಸಿಗೆ ಕೈಕೊಟ್ಟರೆ ಜನ. ವಸಂತದಲ್ಲಿ ವಲಸೆ ಬರುವ ಸೀಲ್ ಪ್ರಾಣಿಗಳ ಬೇಟೆಯೇ ಎಷ್ಟೋ ಮನೆಗಳನ್ನು ಹಸಿವಿನಿಂದ ಉಳಿಸುತ್ತಿತ್ತು.

ಇಷ್ಟಾದರೂ ಅಲ್ಲಿ ದೊರೆಯದ ವಸ್ತುಗಳು ಬಹಳ. ಹಡಗು ಕಟ್ಟಲು ಬೇಕಾದ ಮರವಿಲ್ಲ. ಕಡಲು ತೇಲಿಸಿ ತಂದ ದಿಮ್ಮಿಗಳನ್ನೇ ಆಯ್ದು ಬಳಸಬೇಕು. ಕಬ್ಬಿಣವಿಲ್ಲ, ಕುಡುಗೋಲು, ಕೊಡಲಿ, ಮೊಳೆ ಎಲ್ಲವೂ ನಾರ್ವೆಯಿಂದ ಬರಬೇಕು. ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ ನಾರ್ವೆಯಲ್ಲಿ ರಚಿತವಾದ ‘ಅರಸನ ಕನ್ನಡಿ’ ಎಂಬ ಗ್ರಂಥದಲ್ಲಿ ತಂದೆ ಮಗನೊಡನೆ ಈ ನಾಡಿನ ಬಗ್ಗೆ ಮಾತನಾಡುತ್ತಾನೆ. ಅಂಥ ಅಪಾಯದ ಕಡೆಗೆ ಜನ ಏಕೆ ಹೋಗುತ್ತಾರೆ ಎಂದು ಮಗ ಕೇಳಿದಾಗ, ಕೀರ್ತಿಯ ಆಸೆ, ತಿಳಿಯುವ ಕುತೂಹಲ, ಲಾಭದ ಬಯಕೆ ಎಂಬ ಮೂರು ಕಾರಣಗಳನ್ನು ತಂದೆ ಕೊಡುತ್ತಾನೆ. ಅಲ್ಲಿನ ಬಹುಮಂದಿ ರೊಟ್ಟಿಯನ್ನು ಕಣ್ಣಿನಿಂದಲೂ ಕಂಡವರಲ್ಲ ಎಂಬ ಮಾತೂ ಆ ಗ್ರಂಥದಲ್ಲಿದೆ.

ರೊಟ್ಟಿ ಎಂದರೇನೆಂದು ಅರಿಯದ ಜನ ‘ನಮ್ಮ ಅನುದಿನದ ಆಹಾರ’ಕ್ಕಾಗಿ ಪ್ರಾರ್ಥಿಸುತ್ತಿದ್ದರು ಎಂಬುದನ್ನು ಒಂದು ಕ್ಷಣ ಯೋಚಿಸಿ ನೋಡಿ. ಅವರ ಪಾಲಿಗೆ ರೊಟ್ಟಿಯ ರುಚಿ ಇದ್ದುದು ಪರಮಪ್ರಸಾದದಲ್ಲಿ ಮಾತ್ರ. ಅದರ ಹಿಟ್ಟೂ ದ್ರಾಕ್ಷಾರಸವೂ ಕಡಲ ಆಚೆಯಿಂದ ಬರಬೇಕಿತ್ತು. ಉತ್ತರದ ನಾಡುಗಳಲ್ಲಿ ಇಂಥ ಕೊರತೆ ಎಷ್ಟು ತೀವ್ರವಾಗಿತ್ತೆಂಬುದಕ್ಕೆ ರೋಮಿನ ಪತ್ರಗಳೇ ಸಾಕ್ಷಿ. ನಿದರೋಸ್ ಮಹಾಧರ್ಮಕ್ಷೇತ್ರದಲ್ಲಿ, ನೀರು ಸಿಗದ ಸಂದರ್ಭದಲ್ಲಿ ಕೆಲವೊಮ್ಮೆ ಬಿಯರಿನಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದರೆಂಬ ವರದಿಗೆ, ಅದು ಸಿಂಧುವಲ್ಲ ಎಂದು ಜಗದ್ಗುರು ಒಂಬತ್ತನೆಯ ಗ್ರೆಗೊರಿಯವರು 1241ರಲ್ಲಿ ಉತ್ತರಿಸಬೇಕಾಯಿತು. ಗಾರ್ಡರ್ ಆ ಮಹಾಧರ್ಮಕ್ಷೇತ್ರದ ಅತ್ಯಂತ ದೂರದ ಮಗು.

ಸಾವಿಗೂ ಬೆಲೆಯಿತ್ತು. ಒಕ್ಕಲುಗಳು ದೂರದೂರ, ಗುರುಗಳು ವಿರಳ. ಆದ್ದರಿಂದ ದೂರದ ಮನೆಗಳಲ್ಲಿ ಸತ್ತವರನ್ನು ಅಲ್ಲೇ ಹೂಳಿ, ಎದೆಯ ನೇರಕ್ಕೆ ಒಂದು ಕಂಬವನ್ನು ನೆಡುತ್ತಿದ್ದರೆಂದು ಎರಿಕನ ಕಥನ ವಿವರಿಸುತ್ತದೆ. ಮುಂದೆ ಎಂದಾದರೂ ಗುರುಗಳು ಬಂದಾಗ, ಆ ಕಂಬವನ್ನು ಕಿತ್ತು, ಅದರ ಕುಳಿಯಲ್ಲಿ ಪವಿತ್ರ ಜಲವನ್ನು ಸುರಿದು, ಉತ್ತರಕ್ರಿಯೆಯ ಪ್ರಾರ್ಥನೆಗಳನ್ನು ಹಾಡುತ್ತಿದ್ದರು. ದಕ್ಷಿಣ ತುದಿಯ ಹೆರ್ಯೋಲ್ಫ್‌ಸ್ನೆಸ್ ಎಂಬಲ್ಲಿ 1921ರಲ್ಲಿ ಉತ್ಖನನ ನಡೆದಾಗ ಸಮಾಧಿಗಳಲ್ಲಿ ಹತ್ತಾರು ಮರದ ಶಿಲುಬೆಗಳು ದೊರೆತವು. ಮರವೇ ಹೊನ್ನಾಗಿದ್ದ ನಾಡಿನಲ್ಲಿ ಶವಪೆಟ್ಟಿಗೆಗೆ ಮರ ಸಾಲದೆ, ಎಷ್ಟೋ ಜನರನ್ನು ಅವರ ಉಣ್ಣೆಯ ಉಡುಪುಗಳಲ್ಲೇ ಸುತ್ತಿ ಮಲಗಿಸಿದ್ದರು. ಆದರೂ ಶಿಲುಬೆಗೆ ಒಂದು ತುಂಡು ಮರವನ್ನು ಉಳಿಸಿದ್ದರು. ಅಲ್ಲಿಯ ಒಂದು ಪೆಟ್ಟಿಗೆಯಲ್ಲಿ ದೇಹವೇ ಇರಲಿಲ್ಲ. ಇದ್ದುದು ಹಳೆಯ ರೂನ್ ಲಿಪಿಯಲ್ಲಿ ಕೆತ್ತಿದ ಒಂದು ಕಡ್ಡಿ. ಗುಡ್‌ವೆಗ್ ಎಂಬ ಹೆಂಗಸನ್ನು ಗ್ರೀನ್‌ಲ್ಯಾಂಡಿನ ಕಡಲಿಗೆ ಒಪ್ಪಿಸಲಾಯಿತೆಂಬ ಒಕ್ಕಣೆ ಅದರಲ್ಲಿತ್ತು. ಕಡಲಲ್ಲಿ ಹೋದವಳಿಗೂ ಪವಿತ್ರ ಮಣ್ಣಿನಲ್ಲಿ ಒಂದು ಪಾಲು ಇರಲೆಂದು ಅವಳ ಹೆಸರನ್ನಾದರೂ ತಂದು ಹೂತಿದ್ದರು.

ಒಂದು ಹಿಮಕರಡಿಗೆ ಒಬ್ಬ ಧರ್ಮಾಧ್ಯಕ್ಷರು

ತಮಗೊಬ್ಬ ಧರ್ಮಾಧ್ಯಕ್ಷರು ಬೇಕೆಂದು ಆ ಜನ ತಾವಾಗಿಯೇ ಬಯಸಿದರು. ಐನಾರ್ ಸೊಕ್ಕಸನ್ ಎಂಬ ಪ್ರಮುಖನು ಜೀವಂತ ಹಿಮಕರಡಿಯೊಂದನ್ನೂ ವಾಲ್ರಸ್ ದಂತವನ್ನೂ ಕಾಣಿಕೆಯಾಗಿ ಹೊತ್ತು ನಾರ್ವೆಯ ಅರಸ ಸಿಗುರ್ಡ್‌ನ ಬಳಿಗೆ ಹೋದನು. ಅರಸನು ಆರಿಸಿದ ಅರ್ನಾಲ್ಡ್ ಎಂಬ ಗುರುಗಳು ಮೊದಲು ಒಪ್ಪಲಿಲ್ಲ. ಬಂಧುಮಿತ್ರರನ್ನು ಅಗಲಬೇಕಲ್ಲಾ, ಅಲ್ಲಿನ ಒರಟು ಜನರೊಡನೆ ಏಗಬೇಕಲ್ಲಾ ಎಂಬ ಅಳುಕು ಅವರಿಗೆ. ಕೊನೆಗೆ, ಧರ್ಮಪೀಠದ ಹಕ್ಕುಗಳನ್ನೂ ಆಸ್ತಿಯನ್ನೂ ಕಾಪಾಡುತ್ತೇನೆಂದು ಐನಾರನಿಂದ ಪ್ರಮಾಣ ಮಾಡಿಸಿಕೊಂಡು ಒಪ್ಪಿದರು. 1124ರಲ್ಲಿ ಲುಂಡ್ ನಗರದಲ್ಲಿ ಅವರಿಗೆ ಅಭಿಷೇಕವಾಯಿತು. ಐಸ್‌ಲ್ಯಾಂಡಿನಲ್ಲಿ ಚಳಿಗಾಲ ಕಳೆದು 1126ರಲ್ಲಿ ಅವರು ಗಾರ್ಡರ್ ತಲುಪಿದರು. ಅಭಿಷೇಕದಿಂದ ಪೀಠವೇರುವ ತನಕ ಎರಡು ವರ್ಷ! ಮುಂದೆ 1150ರ ದಶಕದ ಆರಂಭದಲ್ಲಿ ಆ ಧರ್ಮಕ್ಷೇತ್ರ ನಿದರೋಸಿನ, ಅಂದರೆ ಇಂದಿನ ಟ್ರಾಂಡ್‌ಹೈಮಿನ, ಅಧೀನಕ್ಕೆ ಬಂದಿತು.

ಗಾರ್ಡರಿನಲ್ಲಿ ಕೆಂಪು ಮರಳುಗಲ್ಲಿನ ಪ್ರಧಾನಾಲಯ ಮೇಲೆದ್ದಿತು. ಕಡಲಿಗರ ಪಾಲಕರಾದ ಸಂತ ನಿಕೋಲಾಸರಿಗೆ ಅದು ಅರ್ಪಿತವಾಗಿತ್ತು. ಸುಮಾರು 27 ಮೀಟರ್ ಉದ್ದದ ಆ ಕಟ್ಟಡ ಯುರೋಪಿನ ಪ್ರಧಾನಾಲಯಗಳ ಎದುರು ಚಿಕ್ಕದು. ಎರಡು ಸಾವಿರ ಜನರ ನಾಡಿಗೆ ಮಾತ್ರ ಬಹು ದೊಡ್ಡದು. ಧರ್ಮಾಧ್ಯಕ್ಷರ ಕೊಟ್ಟಿಗೆಗಳಲ್ಲಿ ಸುಮಾರು ನೂರು ದನಗಳಿಗೆ ಸ್ಥಳವಿತ್ತು. ಬಡ ಒಕ್ಕಲಿನ ಮನೆಯಲ್ಲಿ ಕೆಲವೇ ಹಸುಗಳು. 1341ರಲ್ಲಿ ಬೆರ್ಗೆನ್ನಿನಿಂದ ಕಳುಹಿಸಲ್ಪಟ್ಟು ಆ ಪೀಠದ ಆಡಳಿತ ನೋಡಿಕೊಂಡ ಐವಾರ್ ಬಾರ್ಡರ್‌ಸನ್ ಎಂಬ ಗುರುಗಳ ವರದಿಯಂತೆ ಎಷ್ಟೋ ಹೊಲಗಳು, ದ್ವೀಪಗಳು, ಹಿಮಸಾರಂಗದ ಬೇಟೆಯ ಜಾಗಗಳು ಪ್ರಧಾನಾಲಯದ ಒಡೆತನದಲ್ಲಿದ್ದವು. ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಅಲ್ಲಿ ಬೇಟೆಯಾಡುವಂತಿರಲಿಲ್ಲ. ಒಂದು ಮಠವೂ ಒಂದು ಕನ್ಯಾಮಠವೂ ಇದ್ದವೆಂದು ಅದೇ ವರದಿ ತಿಳಿಸುತ್ತದೆ. ಬಡ ನಾಡಿನ ನಡುವೆ ಅತಿ ಸಿರಿವಂತ ಮನೆ ದೇವರ ಹೆಸರಿನದೇ ಆಗಿತ್ತು. ಇದನ್ನು ನಾವು ಮರೆಮಾಚದೆ ನೋಡಬೇಕು.

ದಂತದಲ್ಲಿ ತೆತ್ತ ದಶಾಂಶ

ಗ್ರೀನ್‌ಲ್ಯಾಂಡಿನವರ ಕೈಯಲ್ಲಿ ಹಣವಿರಲಿಲ್ಲ. ಯುರೋಪು ಬಯಸುತ್ತಿದ್ದ ಒಂದೇ ಒಂದು ಅಮೂಲ್ಯ ವಸ್ತು ಅವರಲ್ಲಿತ್ತು: ವಾಲ್ರಸ್ ಎಂಬ ಬೃಹತ್ ಕಡಲಪ್ರಾಣಿಯ ದಂತ. ಆನೆದಂತ ವಿರಳವಾಗಿದ್ದ ಆ ಕಾಲದಲ್ಲಿ ಶಿಲುಬೆ, ಅವಶೇಷಪೆಟ್ಟಿಗೆ, ಧರ್ಮಾಧ್ಯಕ್ಷರ ದಂಡದ ಹಿಡಿ, ಚದುರಂಗದ ಕಾಯಿ ಎಲ್ಲವನ್ನೂ ಇದರಲ್ಲೇ ಕೆತ್ತುತ್ತಿದ್ದರು. ಯುರೋಪಿನ ಸಂಗ್ರಹಾಲಯಗಳಲ್ಲಿರುವ ಹಳೆಯ ವಾಲ್ರಸ್ ಮೂಳೆಗಳ ಡಿಎನ್‌ಎ ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, 1120ರ ದಶಕದ ನಂತರ ಬಂದ ದಂತಗಳಲ್ಲಿ ಹೆಚ್ಚಿನವು ಗ್ರೀನ್‌ಲ್ಯಾಂಡಿನ ಪಶ್ಚಿಮ ಭಾಗದವು ಎಂದು ತೋರಿಸಿತು. ಆ ದಶಕದಲ್ಲೇ ಗಾರ್ಡರ್ ಪೀಠ ಸ್ಥಾಪನೆಯಾದುದು ಎಂಬುದನ್ನು ಗಮನಿಸಿ. ಪ್ರಧಾನಾಲಯದ ಆವರಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಾಲ್ರಸ್ ತಲೆಬುರುಡೆಗಳನ್ನು ಹೂತಿಟ್ಟದ್ದು ಉತ್ಖನನದಲ್ಲಿ ಕಂಡುಬಂದಿದೆ.

ಆ ದಂತ ಊರಬಾಗಿಲಲ್ಲಿ ಸಿಗುವಂಥದ್ದಲ್ಲ. ಬೇಟೆಗಾರರು ತಮ್ಮ ಸಣ್ಣ ದೋಣಿಗಳಲ್ಲಿ ವಾರಗಟ್ಟಲೆ ಉತ್ತರಕ್ಕೆ ಹುಟ್ಟುಹಾಕುತ್ತಾ ಡಿಸ್ಕೊ ಕೊಲ್ಲಿಯ ಕಡೆಗೆ ಹೋಗಬೇಕಿತ್ತು. ಹುಲ್ಲು ಕೊಯ್ಯಬೇಕಾದ ತರುಣರೇ ಬೇಟೆಗೆ ಹೋಗಬೇಕು, ಹೋದವರೆಲ್ಲರೂ ಹಿಂದಿರುಗುತ್ತಿರಲಿಲ್ಲ. 1824ರಲ್ಲಿ, 72 ಡಿಗ್ರಿ ಅಕ್ಷಾಂಶಕ್ಕೂ ಉತ್ತರದ ಕಿಂಗಿಟ್ಟೋರ್ಸುವಾಕ್ ದ್ವೀಪದಲ್ಲಿ, ಕಲ್ಲುಗುಡ್ಡೆಗಳ ಬಳಿ ಅಂಗೈಯಗಲದ ಒಂದು ರೂನ್ ಕಲ್ಲು ಸಿಕ್ಕಿತು. ಮೂವರು ಗಂಡಸರ ಹೆಸರುಗಳು ಅದರಲ್ಲಿವೆ. ಕಲ್ಲುಗುಡ್ಡೆಯನ್ನು ಒಟ್ಟಿದ ದಿನವನ್ನು ಅವರು ಗುರುತಿಸಿದ್ದು ಯಾವ ಅರಸನ ಆಳ್ವಿಕೆಯ ಲೆಕ್ಕದಿಂದಲೂ ಅಲ್ಲ. ಹೊಲಗದ್ದೆಗಳ ಆಶೀರ್ವಾದಕ್ಕಾಗಿ ಮೆರವಣಿಗೆ ಮಾಡುವ ಪ್ರಾರ್ಥನಾ ದಿನದ ಹಿಂದಿನ ಶನಿವಾರ ಎಂದು. ಯಾವ ಹೊಲವೂ ಇಲ್ಲದ ಮಂಜಿನ ಮರುಭೂಮಿಯಲ್ಲಿ ನಿಂತು ಅವರು ಧರ್ಮಸಭೆಯ ಪಂಚಾಂಗವನ್ನು ಎಣಿಸುತ್ತಿದ್ದರು.

ಈಗ ತೆರಿಗೆಯ ಕಡೆಯನ್ನು ನೋಡಿ. 1261ರಲ್ಲಿ ಗ್ರೀನ್‌ಲ್ಯಾಂಡ್ ನಾರ್ವೆಯ ಅರಸನಿಗೆ ತಲೆಬಾಗಿ ಕಪ್ಪ ಕೊಡಲು ಒಪ್ಪಿತು. 1274ರ ಲಿಯೋನ್ಸ್ ಮಹಾಸಭೆ ಪವಿತ್ರ ನಾಡಿನ ನೆರವಿಗಾಗಿ ಆರು ವರ್ಷಗಳ ದಶಾಂಶವನ್ನು ವಿಧಿಸಿದಾಗ, ಅದು ಗಾರ್ಡರಿಗೂ ಅನ್ವಯಿಸಿತು. ವಸೂಲಿಗಾಗಿ ಅಲ್ಲಿಗೆ ಹೋಗಿ ಬರಲು ಐದು ವರ್ಷಗಳೂ ಸಾಲಲಿಕ್ಕಿಲ್ಲ ಎಂಬ ನಿದರೋಸಿನ ಮಹಾಧರ್ಮಾಧ್ಯಕ್ಷರ ಅಳಲು 1276ರ ಜಗದ್ಗುರುಗಳ ಪತ್ರದಲ್ಲಿ ದಾಖಲಾಗಿದೆ. 1282ರಲ್ಲಿ ಜಗದ್ಗುರು ನಾಲ್ಕನೆಯ ಮಾರ್ಟಿನರು ಬರೆದ ಪತ್ರದಂತೆ ಗ್ರೀನ್‌ಲ್ಯಾಂಡಿನ ದಶಾಂಶ ಬರುತ್ತಿದ್ದುದು ದನದ ತೊಗಲು, ಸೀಲ್ ಚರ್ಮ, ದಂತ ಮತ್ತು ತೊಗಲಿನ ಹಗ್ಗಗಳ ರೂಪದಲ್ಲಿ. ಅವುಗಳನ್ನು ಹೇಗಾದರೂ ಮಾಡಿ ಬೆಳ್ಳಿಗೋ ಬಂಗಾರಕ್ಕೋ ಬದಲಿಸಿರಿ ಎಂಬುದೇ ಅಪ್ಪಣೆ. 1327ರಲ್ಲಿ ಮತ್ತೊಂದು ದಶಾಂಶದ ದಂತಗಳನ್ನು ಬೆರ್ಗೆನ್ನಿನಲ್ಲಿ ಫ್ಲಾಂಡರ್ಸಿನ ವರ್ತಕನೊಬ್ಬನಿಗೆ ಮಾರಲಾಯಿತು. ಅದರ ತೂಕದಿಂದ ಲೆಕ್ಕ ಹಾಕಿ, ಸುಮಾರು 520 ದಂತಗಳಿದ್ದಿರಬೇಕೆಂದು ವಿದ್ವಾಂಸರೊಬ್ಬರು ಅಂದಾಜಿಸಿದ್ದಾರೆ. ಪ್ರಾಣಿಗೆ ಎರಡರಂತೆ 260 ಪ್ರಾಣಿಗಳು. ಜೆರುಸಲೇಮನ್ನು ಕನಸಿನಲ್ಲೂ ಕಾಣದ ಬೇಟೆಗಾರನು ಹಿಮದ ನಡುವೆ ಜೀವ ಪಣಕ್ಕಿಟ್ಟು ತೆತ್ತ ಪಾಲು ಅದು.

ಆ ಜನ ಇದನ್ನು ಒತ್ತಾಯದಿಂದ ಕೊಟ್ಟರೇ, ಒಲವಿನಿಂದ ಕೊಟ್ಟರೇ? ಎರಡೂ ಇದ್ದಿರಬೇಕು. ದಶಾಂಶ ತೆರುವಷ್ಟು ಕಾಲ ರೋಮಿನ ಪುಸ್ತಕದಲ್ಲಿ ತಮ್ಮ ಹೆಸರಿತ್ತು, ತಮ್ಮ ಕಡೆಗೆ ಹಡಗು ಬರುತ್ತಿತ್ತು, ತಾವು ಲೋಕದ ಅಂಚಿನಲ್ಲಿದ್ದರೂ ಒಂದು ದೇಹದ ಅಂಗವೇ ಎಂಬ ಅಭಿಮಾನ ಅವರಿಗಿತ್ತು. ತೆರಿಗೆ ಭಾರವಾಗಿತ್ತು, ನಿಜ. ಆದರೆ ಮುಂದೆ ಬಂದ ಕಾಲದಲ್ಲಿ ತೆರಿಗೆ ಕೇಳುವವರೂ ಇಲ್ಲದಾದಾಗ ಆದದ್ದು ಅದಕ್ಕಿಂತ ದೊಡ್ಡ ನಷ್ಟ.

ಹಡಗು ಬಾರದ ವರ್ಷಗಳು

ಹದಿನಾಲ್ಕನೆಯ ಶತಮಾನದಲ್ಲಿ ಕಷ್ಟಗಳು ಒಂದರ ಹಿಂದೆ ಒಂದು ಬಂದವು. ಹವಾಮಾನ ಬದಲಾಗಿ ಕಡಲಮಂಜು ಹೆಚ್ಚಿತು. ಚಳಿಗಿಂತಲೂ ಒಣಹವೆಯೇ ಹುಲ್ಲನ್ನು ಕೆಡಿಸಿತೆಂದು ಕೆರೆಯ ಕೆಸರನ್ನು ಪರೀಕ್ಷಿಸಿದ 2022ರ ಅಧ್ಯಯನ ಹೇಳುತ್ತದೆ. ಕಡಲ ಮಟ್ಟ ಏರಿ ತಗ್ಗಿನ ಹುಲ್ಲುಗಾವಲುಗಳು ಮುಳುಗಿದವೆಂದು 2023ರ ಇನ್ನೊಂದು ಅಧ್ಯಯನ ತೋರಿಸುತ್ತದೆ. 1349ರಲ್ಲಿ ಪ್ಲೇಗು ಮಾರಿ ಬೆರ್ಗೆನ್ನನ್ನು ಹೊಕ್ಕು ನಾರ್ವೆಯನ್ನೇ ಬರಿದು ಮಾಡಿತು. ಆಫ್ರಿಕದ ಆನೆದಂತ ಯುರೋಪಿಗೆ ಧಾರಾಳವಾಗಿ ಬರತೊಡಗಿ ವಾಲ್ರಸ್ ದಂತದ ಬೆಲೆ ಕುಸಿಯಿತು. ಕೊನೆಕೊನೆಗೆ ಬಂದ ದಂತಗಳು ಹೆಚ್ಚು ಚಿಕ್ಕವು, ಹೆಚ್ಚು ಉತ್ತರದವು, ಹೆಣ್ಣು ಪ್ರಾಣಿಗಳವು ಎಂಬುದು 2020ರ ಸಂಶೋಧನೆಯೊಂದರ ಫಲಿತಾಂಶ. ಅಂದರೆ ಕಡಿಮೆ ಬೆಲೆಯ ಸರಕಿಗಾಗಿ ಅವರು ಇನ್ನೂ ದೂರ, ಇನ್ನೂ ಅಪಾಯದ ಕಡೆಗೆ ಹುಟ್ಟುಹಾಕುತ್ತಿದ್ದರು.

ಶತಮಾನದ ಮಧ್ಯಭಾಗದಲ್ಲಿ ಐವಾರ್ ಬಾರ್ಡರ್‌ಸನ್ ಪಶ್ಚಿಮ ನೆಲೆಗೆ ಹೋದಾಗ ಅಲ್ಲಿ ಮನುಷ್ಯರು ಒಬ್ಬರೂ ಕಾಣಲಿಲ್ಲ. ಒಡೆಯರಿಲ್ಲದ ದನಕುರಿಗಳು ಮಾತ್ರ ಮೇಯುತ್ತಿದ್ದವು. ಆ ನೆಲೆಯ ಒಂದು ಮನೆಯ ಕೊನೆಯ ಪದರದಲ್ಲಿ ಸಿಕ್ಕ ನಾಯಿಯ ಮೂಳೆಗಳ ಮೇಲೆ ಕತ್ತಿಯ ಗುರುತುಗಳಿವೆ. ಬೇಟೆಯ ಸಂಗಾತಿಯನ್ನೇ ಕೊಯ್ದು ತಿನ್ನಬೇಕಾದ ಚಳಿಗಾಲವೊಂದು ಆ ಮನೆಗೆ ಬಂದಿತ್ತು.

ಅಲ್ಲಿ ವಾಸಿಸಿದ ಕೊನೆಯ ಧರ್ಮಾಧ್ಯಕ್ಷರಾದ ಆಲ್ಫ್ 1368ರಲ್ಲಿ ಬಂದರು. ಅವರು ಬರುವ ಮುನ್ನ ಹತ್ತೊಂಬತ್ತು ವರ್ಷ ಪೀಠ ಬರಿದಾಗಿತ್ತು. ಅವರು 1378ರ ಸುಮಾರಿಗೆ ತೀರಿಕೊಂಡರು. ಆ ಸುದ್ದಿ ನಾರ್ವೆಯನ್ನು ಮುಟ್ಟಿದ್ದು 1383ರಲ್ಲಿ. ಆಮೇಲೆ ಗಾರ್ಡರಿಗೆ ಧರ್ಮಾಧ್ಯಕ್ಷರು ನೇಮಕವಾಗುತ್ತಲೇ ಇದ್ದರು. ಒಬ್ಬರಾದರೂ ಅಲ್ಲಿಗೆ ಕಾಲಿಟ್ಟ ದಾಖಲೆಯಿಲ್ಲ. ಬಿರುದು ಯುರೋಪಿನಲ್ಲಿ ಉಳಿಯಿತು, ಮಂದೆ ಹಿಮದಲ್ಲಿ. ಅತ್ತ ಅರಸನ ಅಪ್ಪಣೆಯಿಲ್ಲದೆ ಗ್ರೀನ್‌ಲ್ಯಾಂಡಿನಲ್ಲಿ ವ್ಯಾಪಾರ ಮಾಡುವುದೇ ಅಪರಾಧ. 1389ರಲ್ಲಿ ಹಾಗೆ ಮಾಡಿದ ವರ್ತಕರನ್ನು ಬೆರ್ಗೆನ್ನಿನಲ್ಲಿ ವಿಚಾರಣೆಗೆ ಗುರಿಪಡಿಸಲಾಯಿತು. ಬಿರುಗಾಳಿ ತಮ್ಮನ್ನು ಅಲ್ಲಿಗೆ ಒಯ್ದಿತೆಂದೂ, ನಮ್ಮ ಸರಕು ಕೊಳ್ಳದಿದ್ದರೆ ನಿಮಗೆ ಆಹಾರ ಮಾರುವುದಿಲ್ಲವೆಂದು ಅಲ್ಲಿನ ಜನರ ಸಭೆ ಕಟ್ಟುಮಾಡಿತೆಂದೂ ಅವರು ಹೇಳಿಕೊಂಡರು. ಆ ಕಟ್ಟುಪಾಡಿನಲ್ಲಿ ಜಾಣತನಕ್ಕಿಂತ ಹತಾಶೆಯೇ ಹೆಚ್ಚು ಎಂದು ನನಗನಿಸುತ್ತದೆ.

ಆ ಜನ ಮೊಂಡರಾಗಿ ದನವನ್ನೇ ನೆಚ್ಚಿ ಸತ್ತರು ಎಂದು ಹಿಂದೆ ಕೆಲವರು ಬರೆದದ್ದುಂಟು. ಅವರ ಮೂಳೆಗಳು ಬೇರೆಯೇ ಮಾತು ಹೇಳುತ್ತವೆ. 1999ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ಮೊದಲ ತಲೆಮಾರಿನವರ ಆಹಾರದಲ್ಲಿ ಕಡಲಿನ ಪಾಲು ಸುಮಾರು ಶೇಕಡ 20. ಕೊನೆಯ ತಲೆಮಾರಿನವರಲ್ಲಿ ಅದು ಶೇಕಡ 80ರವರೆಗೆ ಏರಿತ್ತು. ಅವರು ಬದಲಾದರು, ಕಲಿತರು, ಕೈಲಾದಷ್ಟು ಹೋರಾಡಿದರು. ಆದರೆ ಕಬ್ಬಿಣವನ್ನೂ ಮರವನ್ನೂ ಮದುವೆಯ ಸಂಬಂಧವನ್ನೂ ಗುರುಗಳನ್ನೂ ಕಡಲು ಕೊಡಲಾರದು.

ಮದುವೆಯೊಂದು, ನಾರುಮಡಿಯೊಂದು

ಆ ನಾಡಿನಿಂದ ನಮಗೆ ದೊರೆತ ಕೊನೆಯ ಖಚಿತ ದಾಖಲೆ ಒಂದು ಮದುವೆಯದು. 1406ರಲ್ಲಿ ಹಾದಿ ತಪ್ಪಿ ಅಲ್ಲಿಗೆ ಬಂದ ಐಸ್‌ಲ್ಯಾಂಡಿನವರ ಪೈಕಿ ತೋರ್‌ಸ್ಟೈನ್ ಓಲಾಫ್ಸನ್ ಎಂಬಾತನಿಗೂ ಸಿಗ್ರಿಡ್ ಬ್ಯೋರ್ನ್ಸ್‌ಡಾಟ್ಟರ್ ಎಂಬಾಕೆಗೂ 1408ರ ಸೆಪ್ಟೆಂಬರಿನಲ್ಲಿ ಹ್ವಾಲ್ಸೆ ದೇವಾಲಯದಲ್ಲಿ ವಿವಾಹವಾಯಿತು. ನಮ್ಮಲ್ಲಿ ಈಗಲೂ ನಡೆಯುವಂತೆ, ಮೂರು ಭಾನುವಾರ ವಿವಾಹ ಪ್ರಕಟಣೆಯನ್ನು ಓದಲಾಗಿತ್ತು. ಮರುವರ್ಷ ಗಾರ್ಡರಿನ ಗುರುಗಳು ಅದಕ್ಕೆ ಪ್ರಮಾಣಪತ್ರವನ್ನೂ ಬರೆದುಕೊಟ್ಟರು. ಧರ್ಮಾಧ್ಯಕ್ಷರಿಲ್ಲದೆ ಮೂವತ್ತು ವರ್ಷ ಕಳೆದಿದ್ದರೂ ಧರ್ಮಕೇಂದ್ರದ ಕೆಲಸ ಒಂದಕ್ಷರ ತಪ್ಪದೆ ನಡೆದಿತ್ತು. ದಂಪತಿಗಳು 1410ರಲ್ಲಿ ಹೊರಟುಹೋದರು. ಆ ದೇವಾಲಯದ ಕಲ್ಲಿನ ಗೋಡೆಗಳು ಇಂದಿಗೂ ಕಡಲ ದಂಡೆಯಲ್ಲಿ ಛಾವಣಿಯಿಲ್ಲದೆ ನಿಂತಿವೆ.

ಅಲ್ಲಿಂದ ಮುಂದೆ ಮೌನ. ಎಂಬತ್ತು ವರ್ಷಗಳು ಉರುಳಿ 1492ಕ್ಕೆ ಬರೋಣ. ಅದೇ ವರ್ಷ ಕೊಲಂಬಸನು ಬೆಚ್ಚಗಿನ ದಕ್ಷಿಣದ ಹಾದಿಯಲ್ಲಿ ಸಾಗರವನ್ನು ದಾಟಿದನು. ಅದೇ ವರ್ಷ ಆರನೆಯ ಅಲೆಕ್ಸಾಂಡರ್ ಜಗದ್ಗುರುವಾದರು. ಅವರ ಬಾಳಿನ ಬಗ್ಗೆ ಚರಿತ್ರೆ ಒಳ್ಳೆಯ ಮಾತು ಆಡುವುದು ಅಪರೂಪ. ಆದರೂ ಅವರ ಆಡಳಿತದ ಮೊದಲ ದಿನಗಳ ಒಂದು ಪತ್ರದಲ್ಲಿ ಗಾರ್ಡರಿನ ನೆನಪಿದೆ. ಅಲ್ಲಿನ ಜನ ರೊಟ್ಟಿ, ದ್ರಾಕ್ಷಾರಸ, ಎಣ್ಣೆಗಳಿಲ್ಲದೆ ಒಣಮೀನು ಮತ್ತು ಹಾಲಿನಿಂದ ಬದುಕುತ್ತಾರೆ. ಮಂಜಿನ ಕಾರಣ ಎಂಬತ್ತು ವರ್ಷಗಳಿಂದ ಅಲ್ಲಿಗೆ ಹಡಗು ಹೋಗಿಲ್ಲ. ಗುರುಗಳಿಲ್ಲದೆ ಅನೇಕರು ವಿಶ್ವಾಸವನ್ನು ತೊರೆದಿದ್ದಾರೆ. ನೂರು ವರ್ಷಗಳ ಹಿಂದೆ ಕೊನೆಯ ಗುರುಗಳು ಕ್ರಿಸ್ತರ ಶರೀರವನ್ನು ಪವಿತ್ರೀಕರಿಸಿದ ನಾರುಮಡಿ ಒಂದೇ ಅವರಲ್ಲಿ ಉಳಿದಿದೆ, ಅದನ್ನು ವರ್ಷಕ್ಕೊಮ್ಮೆ ಹೊರತೆಗೆದು ದರ್ಶನ ಮಾಡುತ್ತಾರೆ ಎಂಬ ವರದಿ ಅದರಲ್ಲಿದೆ. ಮಥಿಯಾಸ್ ಎಂಬ ಬೆನೆಡಿಕ್ಟೀನ್ ಸನ್ಯಾಸಿಯೊಬ್ಬರು ಆ ಜನರ ಬಳಿಗೆ ಹೋಗಲು ಸಿದ್ಧರಾಗಿದ್ದರು. ಅವರು ಕಡುಬಡವರಾದ್ದರಿಂದ ನೇಮಕಪತ್ರಗಳನ್ನು ಯಾವ ಶುಲ್ಕವೂ ಇಲ್ಲದೆ ಕೊಡಬೇಕೆಂದು ಜಗದ್ಗುರುಗಳು ಆಜ್ಞಾಪಿಸಿದರು.

ಬಲಿಪೀಠದ ಮೇಲೆ ಹಾಸುವ ಚೌಕಾಕಾರದ ಆ ಬಿಳಿಯ ಬಟ್ಟೆಯನ್ನು ನೀವು ಪ್ರತಿ ಬಲಿಪೂಜೆಯಲ್ಲೂ ಕಾಣುತ್ತೀರಿ. ಅದರ ಮೇಲೆ ಪ್ರಸಾದದ ಕಣವೇನಾದರೂ ಉಳಿದೀತೆಂದು ಗುರುಗಳು ಅದನ್ನು ಜಾಗ್ರತೆಯಿಂದ ಮಡಚುತ್ತಾರೆ. ರೊಟ್ಟಿಯಿಲ್ಲದ ನಾಡಿನಲ್ಲಿ, ರೊಟ್ಟಿ ಇರಿಸಿದ್ದ ಬಟ್ಟೆಯ ಮುಂದೆ ಮೊಣಕಾಲೂರಿದ ಜನರ ವರದಿ ಅಕ್ಷರಶಃ ನಿಜವೋ, ಕೇಳಿದವರ ಬಾಯಲ್ಲಿ ಬೆಳೆದದ್ದೋ ನಾವು ನಿರ್ಧರಿಸಲಾರೆವು. ಆದರೆ ಅತಿ ಘೋರವಾದ ಸಂಗತಿ ಬೇರೆಯಿದೆ. ಪುರಾತತ್ತ್ವಜ್ಞರ ಪ್ರಕಾರ ಪೂರ್ವ ನೆಲೆಯೂ ಹದಿನೈದನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಬರಿದಾಗಿತ್ತು. ಶುಲ್ಕ ಮನ್ನಾ ಮಾಡಿ ಧರ್ಮಾಧ್ಯಕ್ಷರನ್ನು ನೇಮಿಸಿದಾಗ, ಆ ಮಂದೆಯೇ ಬಹುಶಃ ಇಲ್ಲವಾಗಿ ನಲವತ್ತು ವರ್ಷ ಕಳೆದಿತ್ತು. ಮಥಿಯಾಸರು ಅಲ್ಲಿಗೆ ತಲುಪಿದರೆಂಬುದಕ್ಕೆ ಯಾವ ದಾಖಲೆಯೂ ಇಲ್ಲ. 1721ರಲ್ಲಿ ಹಾನ್ಸ್ ಎಗೆಡೆ ಎಂಬ ಲೂಥರನ್ ಬೋಧಕರು ಆ ಹಳೆಯ ಕ್ರೈಸ್ತರನ್ನು ಹುಡುಕುತ್ತಾ ನಾರ್ವೆಯಿಂದ ಸಂಸಾರ ಸಮೇತ ಹೊರಟರು. ಅವರಿಗೆ ಸಿಕ್ಕವರು ಇನುಯಿಟ್ ಜನರು, ಪಾಳುಗೋಡೆಗಳು ಮಾತ್ರ. ರೊಟ್ಟಿಯನ್ನೇ ಕಾಣದ ಆ ಜನರಿಗೆ ಕ್ರಿಸ್ತರ ಪ್ರಾರ್ಥನೆಯನ್ನು ಕಲಿಸುವಾಗ ‘ಅನುದಿನದ ಸೀಲ್’ ಎಂದು ಅನುವಾದಿಸಿದರೆಂದು ಹೇಳಲಾಗುತ್ತದೆ.

ಲೆಕ್ಕದ ಕೊನೆಗೆ

ಹಾಗಾದರೆ ಆ ಜನ ಅಲ್ಲಿ ನೆಲೆಸಿದ್ದೇ ತಪ್ಪೇ? ಹಾಗೆಂದು ತೀರ್ಪು ಕೊಡುವ ಮುನ್ನ ಎರಡು ಮಾತು ನೆನಪಿಡಿ. ಅದೇ ಚಳಿಯಲ್ಲಿ, ಅದೇ ಕಡಲಿನ ಮುಂದೆ, ಇನುಯಿಟ್ ಜನ ತಮ್ಮ ದೋಣಿ, ಈಟಿ, ಚರ್ಮದ ಉಡುಪುಗಳೊಡನೆ ಬದುಕಿ ಬಾಳಿದರು, ಇಂದಿಗೂ ಬಾಳುತ್ತಿದ್ದಾರೆ. ಆದ್ದರಿಂದ ನಾಡು ಬಾಳಲು ಅಸಾಧ್ಯವಾದದ್ದಲ್ಲ. ಇನ್ನೊಂದು, ನಾನ್ನೂರೈವತ್ತು ವರ್ಷ ಎಂಬುದು ಕಡಿಮೆ ಅವಧಿಯಲ್ಲ. ಹದಿನೈದು ತಲೆಮಾರುಗಳ ಮಕ್ಕಳು ಅಲ್ಲಿ ಹುಟ್ಟಿ, ಶಿಲುಬೆಯ ಗುರುತು ಕಲಿತು, ಆ ಮಣ್ಣಿನಲ್ಲೇ ಮಲಗಿದರು. ಅವರ ಬದುಕನ್ನು ಕೊನೆಯ ಚಳಿಗಾಲದಿಂದ ಮಾತ್ರ ಅಳೆಯುವುದು ಅನ್ಯಾಯ.

ದೂರದ, ಚಳಿಯ ನಾಡಿನಲ್ಲಿ ಬದುಕುವ ಬೆಲೆಯನ್ನು ಅಲ್ಲಿನವರು ತೆರುತ್ತಲೇ ಇದ್ದರು: ತೊಗಲಿನಲ್ಲಿ, ದಂತದಲ್ಲಿ, ಕಡಲಿಗೆ ಕೊಟ್ಟ ಮಕ್ಕಳಲ್ಲಿ. ಅವರು ತೆರಲಾಗದ ಒಂದು ಬೆಲೆಯಿತ್ತು. ಅದನ್ನು ತೆರಬೇಕಾದವರು ಈಚೆ ದಡದಲ್ಲಿದ್ದವರು. ಒಂದು ಹಡಗು ಕಳುಹಿಸುವುದು, ಒಬ್ಬ ಗುರುಗಳು ಬೆಚ್ಚಗಿನ ಮನೆ ಬಿಟ್ಟು ಹೊರಡುವುದು, ಅಷ್ಟು. ದಂತಕ್ಕೆ ಬೆಲೆಯಿದ್ದಾಗ ಐದು ವರ್ಷದ ಪ್ರಯಾಣವೂ ಸಾಧ್ಯವೆನಿಸಿತು. ದಂತಕ್ಕೆ ಬೆಲೆ ತಪ್ಪಿದಾಗ ಕಡಲಿನ ಮಂಜು ನೆನಪಾಯಿತು. ಪ್ಲೇಗು ಇತ್ತು, ಮಂಜೂ ಇತ್ತು, ಅವನ್ನು ಅಲ್ಲಗಳೆಯಲಾಗದು. ಆದರೆ ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಕುರುಬನ ಸಾಮತಿಯಲ್ಲಿ ಲಾಭನಷ್ಟದ ಲೆಕ್ಕಕ್ಕೆ ಎಡೆಯಿಲ್ಲ. ಯಾಜಕನಾದ ನನಗೆ ಈ ಚರಿತ್ರೆಯಲ್ಲಿ ಅತಿ ಹೆಚ್ಚು ಚುಚ್ಚುವುದು ಹಿಮವಲ್ಲ; ಬಿರುದು ಹೊತ್ತು ಹೊರಡದೇ ಉಳಿದವರ ಪಟ್ಟಿ.

ಗಾರ್ಡರ್ ಇಂದು ಇಗಾಲಿಕು ಎಂಬ ಸಣ್ಣ ಹಳ್ಳಿ. ಹಳೆಯ ಹುಲ್ಲುಗಾವಲುಗಳಲ್ಲಿ ಈಗಲೂ ಕುರಿ ಮೇಯುತ್ತವೆ. ಪ್ರಧಾನಾಲಯದ ಅಡಿಪಾಯದ ಕೆಂಪು ಕಲ್ಲುಗಳು ಹುಲ್ಲಿನ ನಡುವೆ ಕಾಣುತ್ತವೆ. 2017ರಲ್ಲಿ ಯುನೆಸ್ಕೊ ಆ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೂಕ್ ನಗರದಲ್ಲಿ ಕ್ರಿಸ್ತರಾಜರ ಹೆಸರಿನ ಪುಟ್ಟ ಕಥೋಲಿಕ ದೇವಾಲಯವೊಂದಿದೆ. ಕೋಪನ್‌ಹೇಗನ್ ಧರ್ಮಕ್ಷೇತ್ರ ಅದರ ಪಾಲನೆ ಮಾಡುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲೂ ರಸ್ತೆ ಮುಗಿದ ಮೇಲೆ ಇರುವ ಮನೆಗಳುಂಟು. ಕಾಣಿಕೆಯ ಪಟ್ಟಿಯಲ್ಲಿ ಹೆಸರು ಇಲ್ಲದ್ದರಿಂದ ನೆನಪಿನಿಂದಲೂ ಜಾರಿದವರು, ವರ್ಷಗಟ್ಟಲೆ ಹಾಸಿಗೆ ಹಿಡಿದು ಪರಮಪ್ರಸಾದಕ್ಕಾಗಿ ಬಾಗಿಲು ನೋಡುತ್ತಿರುವ ಅಜ್ಜಿಯರು ಅಲ್ಲಿದ್ದಾರೆ. ಬಲಿಪೂಜೆಯ ಕೊನೆಯಲ್ಲಿ ಆ ಬಿಳಿಯ ನಾರುಮಡಿಯನ್ನು ಮಡಚುವಾಗ, ಅದನ್ನೇ ವರ್ಷಕ್ಕೊಮ್ಮೆ ಬಿಚ್ಚಿ ನೋಡಿದರೆಂದು ಹೇಳಲಾಗುವ ಆ ಜನರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸೋಣ. ಆಮೇಲೆ, ದಯಮಾಡಿ, ಆ ಕೊನೆಯ ಮನೆಯ ಕಡೆಗೆ ಹೆಜ್ಜೆ ಹಾಕೋಣ.